ಪೂಜೆಗಿಟ್ಟ ಡಿಸ್ಕು

"ಇದು ಯಾರದು?"

ಕಾರ್ತ್ಯಾಯಿನಿ ಟೀಚರ್ ಬಿಳಿ ಪಂಚೆಯಲ್ಲಿ ಕಟ್ಟಿದ್ದ ಗಂಟಿನೊಳಗೆ ಕೈಹಾಕಿ ದಪ್ಪನೆಯ ನಿಘಂಟೊಂದನ್ನು ಎತ್ತಿ ಹಿಡಿದರು. ಬಾಗಿಲ ಹತ್ತಿರ ಕೂತಿದ್ದ ಹುಡುಗಿಯೊಬ್ಬಳು "ನಂದು ಟೀಚರ್" ಎನ್ನುತ್ತ ಎದ್ದು ಬಂದಳು. ತಟ್ಟೆಯಲ್ಲಿ ಹರಡಿದ್ದ ಅಕ್ಕಿಯ ಮೇಲೆ ಬೆರಳಿನಿಂದ ಹರಿಶ್ರೀ ಎಂಬ ಮೊದಲಕ್ಷರ ಬರೆದಳು. ನಿಘಂಟನ್ನು ಕಣ್ಣಿಗೊತ್ತಿಕೊಂಡು ಹೋದಳು.

ಗಂಟಿನಲ್ಲಿ ಇನ್ನೂ ಬೇಕಾದಷ್ಟಿತ್ತು.

ವಿಜಯದಶಮಿಯ ಬೆಳಗು. ಅಷ್ಟಮಿಯ ಸಂಜೆ ಸರಸ್ವತಿಯ ಮುಂದಿಟ್ಟ ಪುಸ್ತಕ, ಪೆನ್ನು, ಕತ್ತರಿ, ಉಳಿ ಎಲ್ಲವೂ ವಾಪಸು ಕೈಗೆ ಬರುವ ದಿನ. ಅಲ್ಲಿಯವರೆಗೆ ಯಾರೂ ಓದುವಂತಿಲ್ಲ, ಬರೆಯುವಂತಿಲ್ಲ, ಗಂಟು ಮುಟ್ಟುವಂತಿಲ್ಲ. ನಮ್ಮೂರು ಒಟ್ಟಪಾಲದ ಬೇರೆ ಮನೆಗಳಲ್ಲಿ ಇದು ಸ್ವಲ್ಪ ಸಡಿಲವಾಗಿರಬಹುದು, ಟೀಚರ ಮನೆಯಲ್ಲಿ ಇಲ್ಲ. ಇಟ್ಟವರೇ ಬರಬೇಕು, ನಾಲ್ಕು ಜನರೆದುರು "ನಂದು" ಅನ್ನಬೇಕು, ಅಕ್ಕಿಯಲ್ಲಿ ಬರೆದು ತೆಗೆದುಕೊಂಡು ಹೋಗಬೇಕು.

ದೀಪದ ಈ ಕಡೆ ನಾನು ಕೂತಿದ್ದೆ. ಆ ಕಡೆ ಟೀಚರ ಮಗ ಡಾಕ್ಟರ್ ಮುಕುಂದನ್, ಊರಿನ ದೊಡ್ಡ ಸ್ಕ್ಯಾನ್ ಸೆಂಟರಿನ ಒಡೆಯ. ಜರಿಯಂಚಿನ ಹೊಸ ಪಂಚೆ ಉಟ್ಟು, ಹಣೆಗೆ ಗಂಧ ಹಚ್ಚಿಕೊಂಡು ಮಹಾ ಭಕ್ತನ ಹಾಗೆ ಕೂತಿದ್ದ. ಕಣ್ಣು ಮಾತ್ರ ಸರಸ್ವತಿಯ ಮೇಲಿರಲಿಲ್ಲ, ಗಂಟಿನ ಮೇಲಿತ್ತು.

ನನ್ನ ಕಣ್ಣೂ ಅಲ್ಲೇ ಇತ್ತು. ಅವನ ಸೆಂಟರಿನ ಸರ್ವರಿನಲ್ಲಿ ಏನೂ ಉಳಿದಿಲ್ಲವೆಂದು ಹೋದ ವಾರ ಖಾತ್ರಿಯಾದ ಮೇಲೆ, ನನ್ನ ತಮ್ಮ ದಿವಾಕರನ್ ಪಾಲಿಗೆ ಉಳಿದಿದ್ದ ಆಸೆ ಆ ಗಂಟೊಂದೇ.

"ಇದು?"

"ನಂದು ಟೀಚರ್." ದರ್ಜಿ ಎದ್ದು ಬಂದು ಕತ್ತರಿ ತೆಗೆದುಕೊಂಡ.

ನನ್ನ ಹೆಸರು ವಿಲಾಸಿನಿ. ರೈಲ್ವೆ ಸ್ಟೇಷನ್ನಿನ ಎದುರು, ಬೇಕರಿಯ ಮೇಲ್ಮಹಡಿಯಲ್ಲಿ ನನ್ನ ಅಂಗಡಿ. ಕಂಪ್ಯೂಟರಿನಿಂದ ಅಳಿಸಿಹೋದದ್ದನ್ನು ವಾಪಸು ತಂದುಕೊಡುವುದು ನನ್ನ ಕಸುಬು. ಮಗನ ಮೊದಲ ಹುಟ್ಟುಹಬ್ಬದ ವಿಡಿಯೋ ಕಳಕೊಂಡ ತಾಯಂದಿರು ಬರುತ್ತಾರೆ, ಪೊಲೀಸರೂ ಬರುತ್ತಾರೆ. ಬಂದವರಿಗೆಲ್ಲ ಮೊದಲು ಬೈಯುತ್ತೇನೆ, ಇನ್ನೊಂದು ಪ್ರತಿ ಯಾಕೆ ಇಡಲಿಲ್ಲ ಎಂದು. ಎಲ್ಲರೂ ತಲೆ ತಗ್ಗಿಸಿ ಕೇಳಿಸಿಕೊಳ್ಳುತ್ತಾರೆ. ಮುಂದಿನ ಸಲವೂ ಯಾರೂ ಇಡುವುದಿಲ್ಲ.

ದಿವಾಕರನ್ ಮುಕುಂದನ ಸೆಂಟರಿನಲ್ಲಿ ಟೆಕ್ನಿಷಿಯನ್ ಆಗಿದ್ದ. ಬಸುರಿಯರ ಸ್ಕ್ಯಾನ್ ಡಾಕ್ಟರೇ ಮಾಡಬೇಕು. ಆದರೆ ಈ ಡಾಕ್ಟರ್ ಖಾಲಿ ವರದಿಗಳಿಗೆ ಮೊದಲೇ ಸಹಿ ಹಾಕಿಟ್ಟು ಮದುವೆ, ಮೀಟಿಂಗು ಎಂದು ಊರೂರು ಸುತ್ತುತ್ತಿದ್ದ. ಸ್ಕ್ಯಾನ್ ಮಾಡುತ್ತಿದ್ದದ್ದು ನನ್ನ ತಮ್ಮ. ಅಂಥ ಒಂದು ಶುಕ್ರವಾರ ರಸೀನ ಎಂಬ ಹೆಂಗಸು ಬಂದು, ಎಲ್ಲ ಸರಿಯಿದೆ ಎಂಬ ವರದಿ ಹಿಡಿದು ಮನೆಗೆ ಹೋದಳು.

ಸರಿಯಿರಲಿಲ್ಲ. ಮಾಸು ಗರ್ಭದ ಬಾಯಿಗೇ ಅಡ್ಡ ಕೂತಿತ್ತು. ಸ್ವಲ್ಪ ದಿನದಲ್ಲೇ ರಕ್ತ ಹೋಗಲು ಶುರುವಾಗಿ, ಆಸ್ಪತ್ರೆ ಸೇರುವಷ್ಟರಲ್ಲಿ ತಾಯಿ ಮಗು ಇಬ್ಬರೂ ತೀರಿಹೋದರು.

"ನಾನು ಚಿತ್ರ ಸರಿಯಾಗೇ ತೆಗೆದೆ ಚೇಚಿ," ಎಂದಿದ್ದ ತಮ್ಮ. "ಮಾಸು ಕೆಳಗಿದೆ ಅಂತ ಬಾಣದ ಗುರುತೂ ಹಾಕಿದೆ. ಡಾಕ್ಟರಿಗೆ ಫೋನ್ ಮಾಡಿದ್ರೆ, ಸರಿಯಿದೆ ಅಂತ ಕೊಟ್ಟು ಕಳ್ಸು ಅಂದ್ರು."

ಡಾಕ್ಟರ್ ಬೇರೆಯೇ ಹೇಳಿದ. ದಿವಾಕರನ್ ಆ ಚಿತ್ರಗಳನ್ನು ಕೈತಪ್ಪಿ ಅಳಿಸಿಬಿಟ್ಟ, ಪ್ರತಿ ಶುಕ್ರವಾರ ನಕಲು ಮಾಡಿಡುವ ಡಿಸ್ಕನ್ನೂ ಅವನೇ ಎಲ್ಲೋ ಕಳೆದುಹಾಕಿದ ಎಂದು. ಕೋರ್ಟಿಗೆ ಹೇಳುವ ಮೊದಲೇ ಇದನ್ನು ರಸೀನಳ ಗಂಡ ನೌಫಲನ ಕಿವಿಗೆ ಹಾಕಿದ. ನೌಫಲ್ ನನ್ನ ತಮ್ಮನ ಮೇಲೆ ದೂರು ಕೊಟ್ಟ, ಬಸ್ ಸ್ಟ್ಯಾಂಡಿನಲ್ಲಿ ಅವನನ್ನು ಹಿಡಿದು ಬಡಿದ. ಎಡಗಣ್ಣು ಹೋಯಿತು. ಬಸ್ ಸ್ಟ್ಯಾಂಡ್ ತುಂಬ ಜನರಿದ್ದರು, ಹೊಡೆದವರು ಯಾರೆಂದು ನೋಡಿದವರು ಮಾತ್ರ ಒಬ್ಬರೂ ಇರಲಿಲ್ಲವಂತೆ.

ಆಸ್ಪತ್ರೆಯಲ್ಲಿ ಅವನ ಹಾಸಿಗೆಯ ಪಕ್ಕ ಕೂತು ನಾನು ಲೆಕ್ಕ ಹಾಕಿದ್ದೆ. ಮೊದಲು ಮುಕುಂದನ್. ಅವನನ್ನು ಬೀದಿಗೆ ತಂದ ಮೇಲೆ ನೌಫಲ್. ಇಬ್ಬರೂ ಅಳುವುದನ್ನು ನೋಡಬೇಕು ಅನಿಸಿತ್ತು. ಈಗಲೂ ಅನಿಸುತ್ತಿತ್ತು, ಆ ದೇವರ ಕೋಣೆಯಲ್ಲೇ.

ಗಂಟಿನ ಸುಳಿವು ಕೊಟ್ಟವರು ಎಎಸ್‌ಐ ವಾರಿಜಾಕ್ಷನ್. ಅಷ್ಟಮಿಯ ಸಂಜೆ ಅವರು ಡಿಸ್ಕಿಗಾಗಿ ಈ ಮನೆಯನ್ನು ಶೋಧಿಸಿದ್ದರು, ದೇವರ ಕೋಣೆಯೊಂದನ್ನು ಬಿಟ್ಟು.

"ಪೂಜೆಗಿಟ್ಟ ಗಂಟಿಗೆ ಹೆಂಗೆ ಕೈಹಾಕ್ಲಿ ವಿಲಾಸಿನಿ? ನಂಗೂ ಮೊಮ್ಮಕ್ಕಳಿದಾರೆ," ಎಂದಿದ್ದರು.

"ನೀವು ಹೋದಾಗ ಮುಕುಂದನ್ ಎಲ್ಲಿದ್ದ?"

"ಅದೇ ಕೋಣೆಯಿಂದ ಹೊರಗೆ ಬಂದ. ಕೈಮುಗಿದು ಕಾಫಿ ಕುಡೀರಿ ಅಂದ."

ನನಗೆ ಅಷ್ಟು ಸಾಕಾಯಿತು. ಪೊಲೀಸರು ಗೇಟಿಗೆ ಬಂದಾಗ ಕೈಯಲ್ಲಿದ್ದ ಡಿಸ್ಕನ್ನು ಪುಸ್ತಕಗಳ ನಡುವೆ ತುರುಕಿದ್ದಾನೆ. ಅವರು ಹೋದ ಮೇಲೆ ತೆಗೆದುಕೊಂಡರಾಯಿತು ಎಂದುಕೊಂಡಿದ್ದಾನೆ. ಅಷ್ಟರಲ್ಲಿ ಅಮ್ಮ ದೀಪ ಹಚ್ಚಿದ್ದಾರೆ. ಆಮೇಲೆ ಗಂಟು ಬಿಚ್ಚುವ ಧೈರ್ಯ ಟೀಚರ ಮಗನಿಗೂ ಇಲ್ಲ. ಟೀಚರ್ ಅದರ ಪಕ್ಕದಲ್ಲೇ ಚಾಪೆ ಹಾಸಿ ಮಲಗುತ್ತಿದ್ದರಂತೆ.

ಡಿಸ್ಕನ್ನು ಮೊದಲೇ ಒಡೆದು ಹೊಳೆಗೆ ಎಸೆಯಬಹುದಿತ್ತಲ್ಲ ಎಂದು ನೀವು ಕೇಳಬಹುದು. ಎಸೆಯುವಂತಿರಲಿಲ್ಲ. ಗಾಬರಿಯಲ್ಲಿ ಸರ್ವರನ್ನು ಪೂರ್ತಿ ಒರೆಸಿ ಹಾಕಿದ ಮೇಲೆ, ಅವನ ಸಾವಿರಾರು ರೋಗಿಗಳ ಚಿತ್ರಗಳು ಉಳಿದದ್ದು ಇದೊಂದರಲ್ಲೇ. ಬೇಡದ್ದಷ್ಟನ್ನು ಅಳಿಸಿ ಉಳಿದದ್ದನ್ನು ಬಚ್ಚಿಟ್ಟ. ಇನ್ನೊಂದು ಪ್ರತಿ ಇಟ್ಟಿದ್ದರೆ ಇವತ್ತು ನಾನು ಬರಿಗೈಯಲ್ಲಿ ಹೋಗಬೇಕಿತ್ತು. ದೊಡ್ಡ ಡಾಕ್ಟರಾದರೇನು, ನನ್ನ ಅಂಗಡಿಗೆ ಅಳುತ್ತ ಬರುವವರಷ್ಟೇ ದಡ್ಡ.

"ಇದು ಯಾರದು?"

ಅಂಗೈಯಗಲದ ಕಪ್ಪು ಡಿಸ್ಕು. ಮೇಲೆ ಅಂಟಿಸಿದ ಚೀಟಿಯಲ್ಲಿ 'ಶುಕ್ರವಾರ' ಎಂದು ಬರೆದಿತ್ತು.

ಮೊದಲ ಅಕ್ಷರ ಬರೆಸಲು ಮಕ್ಕಳನ್ನು ಕರೆತಂದ ಅಪ್ಪ ಅಮ್ಮಂದಿರು ಹಜಾರದ ತುಂಬ ಕೂತಿದ್ದರು. ಅವರೆಲ್ಲ ಕುತ್ತಿಗೆ ಉದ್ದ ಮಾಡಿದರು.

"ಮುಕುಂದಾ, ನಿನ್ನ ಪುಸ್ತಕಗಳ ಮಧ್ಯೆ ಇತ್ತು ಇದು. ನಿಂದಾ?"

"ನಂಗೊತ್ತಿಲ್ಲ ಅಮ್ಮ. ಯಾರೋ ಇಟ್ಟಿರ್ಬೇಕು. ಇಲ್ಲಿ ಕೊಡು, ಆಮೇಲೆ ವಿಚಾರಿಸ್ತೀನಿ."

"ನಿಂದಲ್ಲ ಅಂದ್ಮೇಲೆ ನಿಂಗ್ಯಾಕೆ ಕೊಡ್ಲಿ?"

ಹಜಾರದಲ್ಲಿ ಯಾರೋ ಕಿಸಕ್ಕೆಂದರು.

"ಟೀಚರ್, ಅದು ನಮ್ಮ ದಿವಾಕರನ್‌ದು," ಎಂದೆ.

"ಸುಳ್ಳು," ಎಂದ ಮುಕುಂದನ್.

"ಸುಳ್ಳಾದ್ರೆ ಯಾರದು ಅಂತ ನೀವೇ ಹೇಳಿ ಡಾಕ್ಟರೇ. ನಮ್ಮ ಸೆಂಟರಿಂದು ಅನ್ನಿ. ಅಷ್ಟಂದ್ರೆ ಸಾಕು, ನಾನು ಎದ್ದು ಹೋಗ್ತೀನಿ."

ಕಳೆದೇ ಹೋಯಿತೆಂದು ಅವನೇ ಕೋರ್ಟಿಗೆ ಬರೆದುಕೊಟ್ಟ ವಸ್ತು. ಇಷ್ಟು ಜನರೆದುರು ನಂದು ಅಂದರೆ ಮುಗಿಯಿತು, ನಂದಲ್ಲ ಅಂದರೆ ನನ್ನ ಕೈಗೆ ಬರುತ್ತದೆ. ಅವನ ಹಣೆಯ ಗಂಧ ಬೆವರಿಗೆ ಕರಗಿ ಹುಬ್ಬಿಗಿಳಿಯುತ್ತಿತ್ತು. ಹೇಳಲು ನಾಚಿಕೆಯಿಲ್ಲ, ನನಗೆ ಪಾಯಸ ಕುಡಿದಷ್ಟು ಖುಷಿಯಾಯಿತು.

"ಹಬ್ಬದ ದಿನ ಮನೆಗೆ ಬಂದು ಹಗೆ ಸಾಧಿಸ್ತಿದ್ದಾಳೆ ಅಮ್ಮ. ತಮ್ಮ ಕುರುಡ ಆದ ಅಂತ ತಲೆ ಕೆಟ್ಟಿದೆ ಇವಳಿಗೆ."

"ಒಂದೇ ಕಣ್ಣು ಹೋಗಿರೋದು ಡಾಕ್ಟರೇ. ಇನ್ನೊಂದು ಚೆನ್ನಾಗಿದೆ. ಅದರಲ್ಲಿ ನಿಮ್ಮನ್ನ ಕಟಕಟೇಲಿ ನೋಡ್ಬೇಕಂತೆ."

"ಸಾಕು," ಎಂದರು ಟೀಚರ್. ಮೆಲ್ಲಗೇ ಹೇಳಿದರು, ಆದರೆ ನಾವಿಬ್ಬರೂ ಒಂದನೇ ಕ್ಲಾಸಿನ ಮಕ್ಕಳ ಹಾಗೆ ಬಾಯಿ ಮುಚ್ಚಿದೆವು. ಅವರು ಕನ್ನಡಕ ಸರಿಮಾಡಿಕೊಂಡು ಚೀಟಿಯನ್ನು ಹತ್ತಿರ ಹಿಡಿದರು.

"ಇದು ದಿವಾಕರನ್ ಅಕ್ಷರಾನೇ. ಬಾಲ ಎಳೀಬೇಡ ಅಂತ ಎಷ್ಟು ತಿದ್ದಿಸಿದ್ರೂ ಕೇಳ್ಲಿಲ್ಲ ಅವನು." ಆಮೇಲೆ ಮಗನ ಕಡೆ ತಿರುಗಿದರು. "ಮುಕುಂದಾ, ಇನ್ನೊಂದೇ ಸಲ ಕೇಳ್ತೀನಿ. ನಿಂದಾದ್ರೆ ನಂದು ಅನ್ನು. ಅದ್ರಿಂದ ಏನೇ ಬಂದ್ರೂ ನಾನು ನಿನ್ನ ಜೊತೆಗಿರ್ತೀನಿ."

ಅವನು ತಲೆ ಬಗ್ಗಿಸಿ ಅಕ್ಕಿಯ ತಟ್ಟೆ ನೋಡುತ್ತ ಕೂತ.

ಮಗ ಎಂಥವನೆಂದು ಆ ಗಳಿಗೆಯಲ್ಲಿ ಟೀಚರಿಗೆ ಗೊತ್ತಾಗಿಹೋಗಿತ್ತು. ಡಿಸ್ಕನ್ನು ನನ್ನ ಮಡಿಲಿಗೆ ಹಾಕಿದರು.

"ತಮ್ಮನ ಪರವಾಗಿ ನೀನು ಬರಿ ಮಗಳೇ."

ಬರೆದೆ. ಬೆರಳು ಹರಿಶ್ರೀ ಬರೆಯಿತು, ಮನಸ್ಸು ಮುಕುಂದನ ಕೈಗೆ ಕೋಳ ತೊಡಿಸುತ್ತಿತ್ತು.

ಗೇಟಿನವರೆಗೆ ಬರಿಗಾಲಲ್ಲಿ ಓಡಿಬಂದ ಅವನು.

"ಅದನ್ನ ತೆರೀಬೇಡ ವಿಲಾಸಿನಿ. ಬೇಡ್ಕೋತೀನಿ."

"ಬೇಡ್ಕೊಳ್ಳಿ. ಕೇಳೋಕೆ ಚೆನ್ನಾಗಿದೆ."

"ಅಳ್ಸಿದ್ದು ನಾನೇ. ಒಪ್ಕೋತೀನಿ. ಆದ್ರೆ ನನ್ನೊಬ್ಬನ್ನ ಉಳಿಸ್ಕೊಳ್ಳೋಕೆ ಅಲ್ಲ."

"ಮತ್ತೆ? ರಸೀನನ್ನ ಉಳಿಸೋಕಾ?"

ಅವನು ಇನ್ನೇನೋ ಹೇಳಲು ಹೋಗಿ ನಿಲ್ಲಿಸಿದ. ಗೇಟಿನಾಚೆ ತನ್ನ ಆಟೋದಲ್ಲಿ ಕೂತಿದ್ದ ನೌಫಲ್ ಅವನನ್ನೇ ನೋಡುತ್ತಿದ್ದ.

ಈ ನೌಫಲ್ ನನ್ನ ಜೊತೆಗಾರನಲ್ಲ, ಕಾವಲುಗಾರ. ಡಿಸ್ಕು ಸಿಕ್ಕರೆ ದೂರುದಾರನ ಎದುರೇ ತೆರೆಯಬೇಕೆಂದು ವಾರಿಜಾಕ್ಷನ್ ಕಡ್ಡಾಯ ಮಾಡಿದ್ದರು. ಆಪಾದಿತನ ಅಕ್ಕನ ಮೇಲೆ ನೌಫಲನಿಗೆ ನಂಬಿಕೆಯಿಲ್ಲ. ನನಗೆ ಅವನ ಮುಖ ಕಂಡರಾಗದು. ಹೀಗೆ ಇಬ್ಬರೂ ಒಂದೇ ಆಟೋದಲ್ಲಿ ಓಡಾಡುತ್ತಿದ್ದೆವು.

"ಸಿಕ್ತಾ?" ಎಂದ.

"ಸಿಕ್ತು."

"ದಾರೀಲಿ ಅದಲು ಬದಲು ಮಾಡಲ್ಲ ಅಂತ ಏನು ಗ್ಯಾರಂಟಿ?"

"ನಿಮ್ಮ ಆಟೋದ ಕನ್ನಡೀಲಿ ನನ್ನನ್ನೇ ನೋಡ್ತಿದ್ದೀರಲ್ಲ, ಅದೇ ಗ್ಯಾರಂಟಿ. ರಸ್ತೆ ನೋಡ್ಕೊಂಡು ಓಡ್ಸಿ."

ಹ್ಯಾಂಡಲ್ ಹಿಡಿದಿದ್ದ ಅವನ ಬಲಗೈ ಮುಷ್ಟಿ ನನ್ನ ಕಣ್ಣಳತೆಯಲ್ಲೇ ಇತ್ತು. ಆ ಕೈಯೇ. ಇರಲಿ, ನಿನ್ನ ಸರದಿಯೂ ಬರುತ್ತದೆ ಎಂದುಕೊಂಡೆ.

ಅಂಗಡಿ ತಲುಪಿ ವಾರಿಜಾಕ್ಷನಿಗೆ ಫೋನ್ ಮಾಡಿದೆ. ಹಿಂದೆ ಮಗುವೊಂದು ಕಿರುಚಿ ಅಳುತ್ತಿತ್ತು.

"ಮೊಮ್ಮಗ ಅಕ್ಕಿ ಮೇಲೆ ಬೆರಳಿಡೋಕೆ ಒಪ್ತಿಲ್ಲ," ಎಂದರು. "ಇದೊಂದು ಮುಗಿಸಿ ಬಂದ್ಬಿಡ್ತೀನಿ. ಅಲ್ಲೀವರೆಗೂ ತೆರೀಬೇಡ."

"ಆಯ್ತು ಸರ್," ಎಂದು ಫೋನಿಟ್ಟು ಕಂಪ್ಯೂಟರ್ ಚಾಲೂ ಮಾಡಿದೆ. ತಿಂಗಳುಗಟ್ಟಲೆ ಕಾದವಳು ಇನ್ನು ಅವರ ಮೊಮ್ಮಗನಿಗಾಗಿ ಕಾಯುವುದು ಆಗದ ಮಾತು.

ಡಿಸ್ಕನ್ನು ನೇರವಾಗಿ ಜೋಡಿಸಲಿಲ್ಲ. ಓದಲು ಬಿಟ್ಟು ಬರೆಯಲು ಬಿಡದ ಪುಟ್ಟ ಪೆಟ್ಟಿಗೆಯೊಂದು ನನ್ನ ಬಳಿಯಿದೆ, ಅದರ ಮೂಲಕ ಜೋಡಿಸಿದೆ.

"ಅಳ್ಸಿದ್ಮೇಲೆ ಅದ್ರಲ್ಲೇನಿರತ್ತೆ?" ಎಂದ ನೌಫಲ್.

"ಅಳ್ಸೋದು ಅಂದ್ರೆ ಮನೆ ಮುಂದಿನ ಹೆಸರಿನ ಹಲಗೆ ಕಿತ್ತ ಹಾಗೆ. ಮನೆ ಒಳಗಿನೋರು ಒಳಗೇ ಇರ್ತಾರೆ. ಆ ಜಾಗದಲ್ಲಿ ಬೇರೆ ಯಾರಾದ್ರೂ ಮನೆ ಕಟ್ಟಿದ್ರೆ ಮಾತ್ರ ಹೋದ್ರು. ಸರ್ವರಿನಲ್ಲಿ ಹಾಗೇ ಆಯ್ತು. ಇದರ ಮೇಲೆ ಏನೂ ಬರೆಯೋಕೆ ಅವನಿಗೆ ಪುರುಸೊತ್ತು ಸಿಗ್ಲಿಲ್ಲ."

"ಪೂಜೆಗಿಟ್ಟದ್ದಕ್ಕೆ."

"ಹೂಂ. ಪೂಜೆಗಿಟ್ಟದ್ದಕ್ಕೆ."

ಮೊದಲು ಪೂರ್ತಿ ನಕಲು ತೆಗೆಯುವುದು ನನ್ನ ನಿಯಮ. ಮೂಲವನ್ನು ಮುಟ್ಟದೆ ನಕಲಿನ ಮೇಲೆ ಕೆಲಸ ಮಾಡಬೇಕು. ಆ ದಿನ ಎರಡು ನಕಲು ತೆಗೆದೆ. ಕೆಳಗಿನ ಬೇಕರಿಯಿಂದ ಬಂದ ಚಹಾ ಕುಡಿಯುವವರಿಲ್ಲದೆ ತಣ್ಣಗಾಯಿತು. ಎರಡನೆಯ ನಕಲಿದ್ದ ಪುಟ್ಟ ಡಿಸ್ಕನ್ನು ನೌಫಲನ ಮುಂದೆ ಕುಕ್ಕಿದೆ.

"ತಗೊಳ್ಳಿ. ಒಂದು ನನ್ನ ಹತ್ರ, ಒಂದು ನಿಮ್ಮ ಹತ್ರ. ನಾನು ಏನಾದ್ರೂ ಕೈಚಳಕ ತೋರ್ಸಿದ್ರೆ ಇದರಲ್ಲಿ ಸಿಕ್ಕಿಬೀಳ್ತೀನಿ. ಈಗ ಸಮಾಧಾನಾನಾ?"

ಅವನು ಅದನ್ನು ಅಂಗಿಯ ಜೇಬಿಗೆ ಹಾಕಿ ಗುಂಡಿ ಹಾಕಿಕೊಂಡ.

ಹುಡುಕಲು ಬಿಟ್ಟೆ. ಅಳಿಸಿದ ಕಡತಗಳ ಹೆಸರು ಪರದೆಯ ಮೇಲೆ ಬಂತು. ಈ ಜಾತಿಯ ಡಿಸ್ಕಿನಲ್ಲಿ ಏನನ್ನಾದರೂ ಅಳಿಸಿದರೆ ಹೆಸರಿನ ಮೊದಲ ಅಕ್ಷರ ಮಾತ್ರ ಹಾರಿಹೋಗುತ್ತದೆ, ಉಳಿದದ್ದು ಹಾಗೇ ಇರುತ್ತದೆ. ಅಲ್ಲಿದ್ದದ್ದು ಎರಡೇ ಹೆಸರು. ಒಂದರಲ್ಲಿ 'ರ' ಇಲ್ಲದ ರಸೀನ.

"ಇದೇ," ಎಂದ ನೌಫಲ್. ಅವನ ಉಸಿರು ನನ್ನ ಹೆಗಲಿಗೆ ತಾಗುತ್ತಿತ್ತು.

ತೆರೆದೆ. ಕಪ್ಪು ಬಿಳುಪಿನಲ್ಲಿ ಮಗು ಕಾಣಿಸಿತು. ಹಣೆ, ಮೂಗು, ಬಾಯಿಯ ಹತ್ತಿರ ಪುಟ್ಟ ಮುಷ್ಟಿ. ಮೇಲೆ ರಸೀನಳ ಹೆಸರು.

ನನ್ನ ಕಣ್ಣು ಹುಡುಕಿದ್ದು ಮಗುವನ್ನಲ್ಲ, ಬಾಣವನ್ನು.

ಬಾಣ ಇರಲಿಲ್ಲ.

ಮುಂದಿನ ಚಿತ್ರ ತೆರೆದೆ, ಅದರ ಮುಂದಿನದನ್ನೂ ತೆರೆದೆ. ಎಲ್ಲೂ ಬಾಣ ಇರಲಿಲ್ಲ. ಈ ಮೊಕದ್ದಮೆಗೆಂದು ನಾನೂ ಸ್ಕ್ಯಾನ್ ಚಿತ್ರ ಓದಲು ಅಷ್ಟಿಷ್ಟು ಕಲಿತಿದ್ದೆ. ಮಾಸು ಮೇಲೆ, ಇರಬೇಕಾದ ಕಡೆ, ಅಚ್ಚುಕಟ್ಟಾಗಿ ಕೂತಿತ್ತು. ಈ ಚಿತ್ರದ ಹೆಂಗಸು ರಕ್ತ ಹೋಗಿ ಸಾಯುವವಳಲ್ಲ.

ಕೆಳಗಿನ ಮೂಲೆ ನೋಡಿದೆ. ಚಿತ್ರ ತೆಗೆದ ಹೊತ್ತನ್ನು ಯಂತ್ರ ತಾನೇ ಅಲ್ಲಿ ಒತ್ತುತ್ತದೆ. ಬೆಳಗಿನ ಹೊತ್ತು.

"ರಸೀನ ಆ ದಿನ ಸೆಂಟರಿಗೆ ಹೋಗಿದ್ದು ಬೆಳಗ್ಗೇನಾ?" ಎಂದು ಕೇಳಿದೆ.

"ಅಲ್ಲ. ಮಧ್ಯಾಹ್ನದ ಜುಮಾ ನಮಾಜು ಮುಗಿಸಿ ನಾನೇ ಆಟೋದಲ್ಲಿ ಕರ್ಕೊಂಡೋದೆ."

ಎರಡನೆಯ ಹೆಸರನ್ನು ತೆರೆಯಲು ನನ್ನ ಬೆರಳು ಹಿಂಜರಿಯಿತು. ಆದರೂ ತೆರೆದೆ, ಪಕ್ಕದ ಕಿಟಕಿಯಲ್ಲಿ. ಷೈನಿ ಥಾಮಸ್ ಎಂಬ ಹೆಂಗಸು. ಅದೇ ಹಣೆ, ಅದೇ ಮೂಗು, ಬಾಯಿಯ ಹತ್ತಿರ ಅದೇ ಮುಷ್ಟಿ, ಮೂಲೆಯಲ್ಲಿ ಅದೇ ಬೆಳಗಿನ ಹೊತ್ತು. ಇಬ್ಬರು ತಾಯಂದಿರಿಗೆ ಒಂದೇ ಮಗು ಇರಲು ಸಾಧ್ಯವಿಲ್ಲ.

ರಸೀನಳ ಚಿತ್ರವನ್ನು ಸೇವ್ ಮಾಡಿದವರ ಹೆಸರಿರುವ ಕಡೆ ನೋಡಿದೆ. ದಿವಾಕರನ್.

ನನ್ನ ತಮ್ಮ ಆ ಹೆಂಗಸಿನ ಹೊಟ್ಟೆಯೊಳಗೆ ನೋಡಿಯೇ ಇರಲಿಲ್ಲ. ಹೊಟ್ಟೆಗೆ ಜೆಲ್ಲಿ ಹಚ್ಚಿ, ಒಂದು ಗಳಿಗೆ ಉಜ್ಜಿ, ಎದ್ದೇಳಿ ಎಂದಿದ್ದಾನೆ. ಬೆಳಗ್ಗೆ ಬಂದವಳ ಚಿತ್ರ ತೆಗೆದು, ಮೇಲಿನ ಹೆಸರು ಬದಲಿಸಿ, ಸಹಿ ಹಾಕಿಟ್ಟ ಕಾಗದಕ್ಕೆ ಲಗತ್ತಿಸಿದ್ದಾನೆ. ಬಾಗಿಲಾಚೆ ಸಾಲು ಉದ್ದವಿತ್ತೋ, ಯಂತ್ರ ಕೆಟ್ಟಿತ್ತೋ, ನನಗೆ ಗೊತ್ತಿಲ್ಲ. ಬಾಣ, ಫೋನು ಎಲ್ಲ ಅವನು ನನಗೆ ಕಟ್ಟಿದ ಕಥೆ. ಆಸ್ಪತ್ರೆಯ ಹಾಸಿಗೆಯಲ್ಲಿ ನನ್ನ ಕೈ ಹಿಡಿದುಕೊಂಡು ಹೇಳಿದ ಕಥೆ. ಈ ಎರಡೂ ಚಿತ್ರ ಜೊತೆಗೆ ಸಿಕ್ಕರೆ ತಾನು, ದಿವಾಕರನ್ ಇಬ್ಬರೂ ಒಳಗೆ ಹೋಗುತ್ತೇವೆಂದು ಮುಕುಂದನಿಗೆ ಗೊತ್ತಿತ್ತು. ಅದಕ್ಕೇ ಎರಡನ್ನೂ ಅಳಿಸಿದ.

ಮುಕುಂದನನ್ನು ಮುಳುಗಿಸಲು ಬೇಕಾದದ್ದೆಲ್ಲ ನನ್ನ ಮುಂದೆ ಇತ್ತು. ಖಾಲಿ ಕಾಗದಕ್ಕೆ ಸಹಿ ಹಾಕಿದವನು, ಸಾಕ್ಷಿ ಅಳಿಸಿದವನು, ಕೋರ್ಟಿಗೆ ಸುಳ್ಳು ಹೇಳಿದವನು. ಆದರೆ ಅವನನ್ನು ಎಳೆದರೆ ಜೊತೆಗೆ ದಿವಾಕರನ್ ಬರುತ್ತಿದ್ದ. ಇನ್ನೊಂದು ಕಣ್ಣು ಇಟ್ಟುಕೊಂಡು ಅವನು ಜೈಲಿನ ಗೋಡೆ ನೋಡಬೇಕಾಗುತ್ತಿತ್ತು.

ಷೈನಿಯ ಕಡತ ಅಳಿಸಿಬಿಡಲೇ ಎಂದು ಒಂದು ಕ್ಷಣ ಅನಿಸಿತು, ಸುಳ್ಳೇಕೆ ಹೇಳಲಿ. ಅಳಿಸಿ ಏನು ಪ್ರಯೋಜನ? ಇನ್ನೊಂದು ಪ್ರತಿ ನೌಫಲನ ಜೇಬಿನಲ್ಲಿತ್ತು. ನಾನೇ ಕೊಟ್ಟದ್ದು.

"ಚೇಚಿ."

ಇಷ್ಟು ದಿನದಲ್ಲಿ ಅವನು ನನ್ನನ್ನು ಹಾಗೆ ಅಕ್ಕ ಎಂದು ಕರೆದದ್ದು ಅದೇ ಮೊದಲು. ಅವನು ಹೆಸರುಗಳನ್ನಾಗಲಿ, ಮೂಲೆಯ ಹೊತ್ತನ್ನಾಗಲಿ ನೋಡುತ್ತಿರಲಿಲ್ಲ. ಸ್ಟೂಲನ್ನು ಹತ್ತಿರ ಎಳೆದುಕೊಂಡು ರಸೀನಳ ಹೆಸರಿದ್ದ ಕಿಟಕಿಯನ್ನಷ್ಟೇ ನೋಡುತ್ತಿದ್ದ.

"ಇದು ಕೈ ಅಲ್ವಾ?"

"ಹೂಂ. ಕೈ."

"ಆ ದಿನ ಚಿತ್ರ ಕೊಡಿ ಅಂತ ಕೇಳಿದ್ಲು ರಸೀನ. ಪ್ರಿಂಟರ್ ಕೆಟ್ಟಿದೆ, ಮುಂದಿನ ಸಲ ಕೊಡ್ತೀನಿ ಅಂದ್ರಂತೆ ನಿಮ್ಮ ತಮ್ಮ. ದಾರಿಯುದ್ದಕ್ಕೂ ಅದನ್ನೇ ಹೇಳ್ಕೊಂಡು ಬಂದ್ಲು. ಮಗೂದು ಒಂದು ಚಿತ್ರಾನೂ ಇಲ್ಲ ನನ್ನ ಹತ್ರ. ಹೂಳೋ ಮೊದ್ಲು ಮುಖ ನೋಡು ಅಂದ್ರು. ಆಗ ನಂಗೆ ಆಗ್ಲಿಲ್ಲ." ಅವನು ಬಲಗೈಯ ಬೆರಳಿನಿಂದ ಪರದೆ ಮುಟ್ಟಿದ, ಆ ಪುಟ್ಟ ಮುಷ್ಟಿಯ ಮೇಲೆ. "ಇದು ನನ್ನ ಮಗೂನೇ ಅಲ್ವಾ ಚೇಚಿ?"

ನನ್ನ ತಮ್ಮನ ಕಣ್ಣು ಕಿತ್ತ ಕೈ ಅದು. ಅವನು ಅಳುವುದನ್ನು ನೋಡಬೇಕು ಎಂದುಕೊಂಡಿದ್ದೆನಲ್ಲ, ಈಗ ನನ್ನೆದುರೇ ಅಳುತ್ತಿದ್ದ. ಒಂದೇ ಮಾತಿನಿಂದ ಅವನನ್ನು ಅಲ್ಲೇ ಕುಸಿಯುವಂತೆ ಮಾಡಬಹುದಿತ್ತು. ಆ ಮಾತು ನಿಜವೂ ಆಗಿತ್ತು.

"ಹೌದು," ಎಂದೆ.

ಅವನು ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡ. "ಇದೊಂದು ನಂಗೆ ಪ್ರಿಂಟ್ ಹಾಕಿಕೊಡಿ. ಸಾಕು. ಡಿಸ್ಕು ಡಾಕ್ಟರ ಮನೇಲೇ ಸಿಕ್ತು, ನಿಮ್ಮ ತಮ್ಮ ಅಳ್ಸಿಲ್ಲ ಅಂತ ಗೊತ್ತಾಯ್ತಲ್ಲ, ಎಎಸ್‌ಐ ಬಂದ ತಕ್ಷಣ ಹೇಳ್ತೀನಿ. ಬಸ್ ಸ್ಟ್ಯಾಂಡಲ್ಲಿ ಹೊಡೆದಿದ್ದು ನಾನೇ, ಸಾಕ್ಷಿ ಬೇಡ, ನಾನೇ ಸಹಿ ಹಾಕ್ತೀನಿ ಅಂತ. ಅವರ ಮೇಲಿನ ದೂರೂ ವಾಪಸ್ ತಗೋತೀನಿ."

ಕೆಳಗೆ ಜೀಪು ನಿಂತ ಸದ್ದಾಯಿತು. ಬೇಕರಿಯವನ ಜೊತೆ ಮೊಮ್ಮಗನ ಸುದ್ದಿ ಹೇಳುತ್ತ ವಾರಿಜಾಕ್ಷನ್ ಮೆಟ್ಟಿಲು ಹತ್ತತೊಡಗಿದರು. ನಾನು ಗಡಿಬಿಡಿಯಲ್ಲಿ ಮೌಸ್ ಹಿಡಿದು ಪಕ್ಕದ ಕಿಟಕಿಯನ್ನು ಮುಚ್ಚಲು ಹೋದೆ. ಎರಡರಲ್ಲೂ ಒಂದೇ ಮಗು. ಕೈ ತಪ್ಪಿತು. ಮುಚ್ಚಿಕೊಂಡದ್ದು ರಸೀನಳದು.

ಪರದೆಯ ತುಂಬ ಇನ್ನೊಂದು ಹರಡಿಕೊಂಡಿತು. ನೌಫಲನ ಬೆರಳು ಇನ್ನೂ ಮಗುವಿನ ಮುಷ್ಟಿಯ ಮೇಲೇ ಇತ್ತು. ಅಲ್ಲಿಂದ ಅವನ ಕಣ್ಣು ನಿಧಾನಕ್ಕೆ ಮೇಲಿನ ಹೆಸರಿಗೆ ಹೋಯಿತು, ತುಟಿ ಅಕ್ಷರ ಕೂಡಿಸಿತು. ಬಾಗಿಲು ತಳ್ಳಿಕೊಂಡು ವಾರಿಜಾಕ್ಷನ್ ಒಳಗೆ ಬಂದರೂ ಅವನು ತಿರುಗಿ ನೋಡಲಿಲ್ಲ.

"ನನ್ನ ಮಗು ಮೇಲೆ ಈ ಷೈನಿ ಥಾಮಸ್ ಅನ್ನೋರ ಹೆಸರು ಯಾಕಿದೆ ಚೇಚಿ?"